ಗ್ರಾಫಿಕ್ಸ್ ಸ್ಮೂತ್ ಆಗುತ್ತೆ ಅಂತ ವಿಂಡೋಸ್ 11 ಹಾಕಿಸೋಕೆ ಹೊರಟಿದ್ದೀರಾ? ಸ್ವಲ್ಪ ನಿಲ್ಲಿ

ಹಳೇ ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿಕೊಂಡು ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್‌ಪಿ ರೋಡ್ ಕಡೆ ಹೊರಟವರು ಇದನ್ನು ಓದಿ ಹೋಗಿ. ಅಂಗಡಿ ಹೆಸರು ಹಾಕಲ್ಲ. ಹೊಟ್ಟೆ ಉರಿ ಮಾತ್ರ ಇನ್ನೂ ಆರಿಲ್ಲ.

ನನ್ನದು ಆರನೇ ಜನರೇಶನ್ ಇಂಟೆಲ್ ಐ5 ಪ್ರೊಸೆಸರ್, 8 ಜಿಬಿ ರ್ಯಾಮ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಮಗಳ ಡ್ಯಾನ್ಸ್ ವಿಡಿಯೋ ಎಡಿಟ್ ಮಾಡಲು ಕೂತರೆ ತಡೆದು ತಡೆದು ಓಡುತ್ತಿತ್ತು. ಅಂಗಡಿಯವನು ಲ್ಯಾಪ್‌ಟಾಪ್ ತೆರೆದು ಎಲ್ಲ ನೋಡಿದ. ನೋಡಿಯೇ ಹೇಳಿದ್ದು, ನೆನಪಿಡಿ. "ವಿಂಡೋಸ್ 10 ಅಲ್ವಾ ಸಾರ್, ಅದಕ್ಕೇ. 11 ಹಾಕ್ತೀನಿ, ಗ್ರಾಫಿಕ್ಸ್ ಬೆಣ್ಣೆ ಥರ ಓಡುತ್ತೆ." ಒರಿಜಿನಲ್ ಲೈಸೆನ್ಸ್ ಸೇರಿ 2,800 ರೂಪಾಯಿ. 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಸಪೋರ್ಟ್ ಮುಗಿದಿದೆ ಅಂತಲೂ ಹೆದರಿಸಿದ. ಅದೇನೋ ನಿಜ. ಆದರೆ ಅದು ಸೆಕ್ಯುರಿಟಿ ಮಾತು, ವಿಡಿಯೋ ಓಡುವುದಕ್ಕೂ ಅದಕ್ಕೂ ಏನು ಸಂಬಂಧ?

ಮನೆಗೆ ತಂದು ಆನ್ ಮಾಡಿದೆ. ನೋಡೋಕೆ ಚೆಂದ. ವಿಂಡೋಗಳ ಮೂಲೆ ಗುಂಡಗೆ, ಸ್ಟಾರ್ಟ್ ಬಟನ್ ನಡುವಿಗೆ. ಎಡಿಟಿಂಗ್ ಮಾತ್ರ ಹಿಂದಿಗಿಂತ ಕಡೆ.

ಅನುಮಾನ ಬಂದು ಸೆಟಿಂಗ್ಸ್ ನೋಡಿದರೆ 'ವಿಂಡೋಸ್ 11 ಪ್ರೊ' ಅಂತಿದೆ. ಲ್ಯಾಪ್‌ಟಾಪ್ ಜೊತೆ ಬಂದಿದ್ದು ಬೇರೆ ಎಡಿಷನ್, ಹೋಮ್ ಸಿಂಗಲ್ ಲ್ಯಾಂಗ್ವೇಜ್! ವಿಂಡೋಸ್ ಸೆಕ್ಯುರಿಟಿಯಲ್ಲಿ ಎಕ್ಸ್‌ಕ್ಲೂಷನ್ಸ್ ಅಂತ ಒಂದು ಪಟ್ಟಿ ಇರುತ್ತೆ, ಸ್ಕ್ಯಾನ್ ಮಾಡಬೇಡ ಅಂತ ಬಿಟ್ಟಿರುವ ಜಾಗಗಳು. ಅದರಲ್ಲಿ ನಾನು ಹಾಕದ ಒಂದು ಫೋಲ್ಡರ್. ತೆರೆದರೆ ಒಳಗೆ ಕ್ರ್ಯಾಕ್, ಅಂದರೆ ಲೈಸೆನ್ಸ್ ಇಲ್ಲದೆಯೇ ವಿಂಡೋಸ್ ಓಡಿಸುವ ಕಳ್ಳ ಸಾಫ್ಟ್‌ವೇರ್. ಇದೇನಾ ಒರಿಜಿನಲ್ ಲೈಸೆನ್ಸ್? ಅಷ್ಟರಲ್ಲಿ ಇದೇ ಮೆಷಿನ್‌ನಲ್ಲಿ ಬ್ಯಾಂಕ್ ಪಾಸ್‌ವರ್ಡ್ ಬೇರೆ ಹೊಡೆದಾಗಿತ್ತು. ಕೈ ತಣ್ಣಗಾಯಿತು.

ಫೋನ್ ಮಾಡಿದರೆ ಅವನ ಉತ್ತರ ಕೇಳಿ. "ನಿಮ್ದರಲ್ಲಿ ಗ್ರಾಫಿಕ್ಸ್ ಕಾರ್ಡೇ ಇಲ್ವಲ್ಲ ಸಾರ್, ಸ್ಮೂತ್ ಎಲ್ಲಿಂದ ಬರುತ್ತೆ?" ಇದನ್ನು ದುಡ್ಡು ತಗೊಳ್ಳೋಕೆ ಮುಂಚೆ ಹೇಳಬಹುದಿತ್ತಲ್ವಾ! ಕ್ರ್ಯಾಕ್ ಬಗ್ಗೆ ಕೇಳಿದೆ. "ಎಲ್ಲರೂ ಅದೇ ಹಾಕೋದು ಸಾರ್." ದುಡ್ಡು? "ಸಾಫ್ಟ್‌ವೇರ್ ವಾಪಸ್ ಇಲ್ಲ." ಹಳೇ 10 ಆದರೂ ವಾಪಸ್ ಹಾಕಿಕೊಡಿ ಅಂದರೆ ಅದಕ್ಕೆ ಇನ್ನೊಂದು ಚಾರ್ಜಂತೆ. ಕೊನೆಗೆ, "ಕಾರ್ಡ್ ಇರೋ ಸೆಕೆಂಡ್ ಹ್ಯಾಂಡ್ ಪೀಸ್ ಇದೆ, ಇದನ್ನ ಎಕ್ಸ್‌ಚೇಂಜ್‌ಗೆ ತಗೋತೀನಿ" ಅಂದ. ಎಂಥಾ ಧೈರ್ಯ ನೋಡಿ.

ಇಂಟೆಲ್‌ನಲ್ಲಿ ಎಂಟನೇ ಜನರೇಶನ್‌ಗಿಂತ ಹಳೆಯದಾದರೆ, ಒಂದೆರಡು ಬಿಟ್ಟು, ಮೈಕ್ರೋಸಾಫ್ಟ್ 11ಕ್ಕೆ ಒಪ್ಪುವುದೇ ಇಲ್ಲ. ಇವನು ಆ ಚೆಕ್ ತಪ್ಪಿಸಿ ತುರುಕಿದ್ದಾನೆ. ಒಪ್ಪುವ ಮೆಷಿನ್ ಆಗಿದ್ದು 10 ಅಸಲಿಯಾಗಿದ್ದರೆ 11 ಪುಕ್ಕಟೆ ಬರುತ್ತೆ. ಪುಕ್ಕಟೆ!

ಸ್ಮೂತ್ ಬೇಕಾದರೆ ಮೊದಲು ರ್ಯಾಮ್ ನೋಡಿ. ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಗ್ರಾಫಿಕ್ಸ್‌ಗೂ ಅದೇ ರ್ಯಾಮ್. ನನ್ನದರಲ್ಲಿ ಒಂದು ಸ್ಲಾಟ್ ಖಾಲಿ ಇತ್ತು. ಆಫೀಸಿನ ಹುಡುಗ ಹಳೇ 10 ಹಾಕಿ, ಅಲ್ಲಿಗೆ ಇನ್ನೊಂದು 8 ಜಿಬಿ ಕೂರಿಸಿದ. ಈಗ ಪರವಾಗಿಲ್ಲ. ಅಂಗಡಿಯವನಿಗೆ ಇದು ಗೊತ್ತಿರಲಿಲ್ಲವಾ? ಗೊತ್ತಿತ್ತು!

ಅಷ್ಟಾದರೂ ಅಂಗಡಿಗೇ ಕೊಡುತ್ತೀರಾದರೆ ಯಾವ ವಿಂಡೋಸ್, ಯಾವ ಎಡಿಷನ್ ಅಂತ ಬಿಲ್‌ನಲ್ಲಿ ಬರೆಸಿಕೊಳ್ಳಿ. ನಾನು ಬಿಲ್ ಕೇಳಿದ್ದಕ್ಕೆ, "18 ಪರ್ಸೆಂಟ್ ಜಿಎಸ್‌ಟಿ ಜಾಸ್ತಿ ಆಗುತ್ತೆ, ಸುಮ್ನೆ ಯಾಕೆ ಸಾರ್" ಅಂದಿದ್ದ.