ಚಿತ್ರ ನೋಡಿ ಟೆಲಿಸ್ಕೋಪ್ ಕೊಳ್ಳುವವರೇ, ಮೊದಲು ಆ ಶನಿಯ ಉಂಗುರ ನೋಡಿ

ಸೆಕೆಂಡ್ ಹ್ಯಾಂಡ್ ಟೆಲಿಸ್ಕೋಪ್ ಕೊಳ್ಳಲು ಹೊರಟವರು ದುಡ್ಡು ಕಳಿಸುವ ಮುಂಚೆ ದಯವಿಟ್ಟು ಇದನ್ನು ಓದಿ. ಬರೆಯಲೋ ಬೇಡವೋ ಎಂದು ಮೂರು ವಾರ ಒದ್ದಾಡಿದ್ದೇನೆ. ವರ್ಷಗಟ್ಟಲೆ ಆಕಾಶ ನೋಡಿದ ನನಗೇ ಹೀಗಾಯಿತು ಎಂದು ಹೇಳಿಕೊಳ್ಳಲು ನಾಚಿಕೆ. ಆದರೆ ನಾಚಿಕೆಗಿಂತ ಸಿಟ್ಟು ಜಾಸ್ತಿ ಇದೆ.

ಜಾಹೀರಾತು ನೋಡಿದ್ದು 2025ರ ಅಕ್ಟೋಬರಿನಲ್ಲಿ. 102 ಮಿಲಿಮೀಟರ್ ಲೆನ್ಸ್, 660 ಮಿಲಿಮೀಟರ್ ಫೋಕಲ್ ಲೆಂತ್, ಬಣ್ಣ ಚೆದುರದಂತೆ ತಡೆಯುವ ಇಡಿ (ED) ಗಾಜು, ಮೋಟಾರ್ ಇರುವ ಸ್ಟ್ಯಾಂಡ್, ಜೊತೆಗೆ ಗ್ರಹಗಳ ಚಿತ್ರ ತೆಗೆಯುವ ಒಂದು ಪುಟ್ಟ ಕ್ಯಾಮೆರಾ. ಕೆಳಗೆ ಮೂರು ಚಿತ್ರ. ಶನಿ, ಓರಿಯನ್ ನೀಹಾರಿಕೆ, ಆಂಡ್ರೊಮೆಡಾ ಗೆಲಾಕ್ಸಿ. ‘ಎಲ್ಲವೂ ಕಳೆದ ತಿಂಗಳು ಇದೇ ಟೆಲಿಸ್ಕೋಪಿನಲ್ಲಿ, ಇದೇ ಕ್ಯಾಮೆರಾದಲ್ಲಿ ತೆಗೆದದ್ದು’ ಎಂದು ಬರೆದಿತ್ತು.

ನಾನು ಮರುಳಾಗಿದ್ದು ಆ ಶನಿಗೆ. ಉಂಗುರ ಅಗಲವಾಗಿ ತೆರೆದುಕೊಂಡಿತ್ತು. ಒಳಗಿನ ಉಂಗುರಕ್ಕೂ ಹೊರಗಿನದಕ್ಕೂ ನಡುವೆ ಕ್ಯಾಸಿನಿ ಬಿರುಕು ಪೆನ್ಸಿಲ್‌ನಲ್ಲಿ ಗೀಚಿದ ಹಾಗೆ ಕಪ್ಪಗೆ, ಸುತ್ತಲೂ ಒಂದೇ ಸಮ. ಗ್ರಹದ ನೆರಳು ಹಿಂದಿನ ಉಂಗುರದ ಮೇಲೆ ಬಿದ್ದಿದ್ದೂ ಕಾಣುತ್ತಿತ್ತು. ಕಣ್ಣಿಟ್ಟು ನೋಡುವ ಐಪೀಸಿಗೆ ಮೊಬೈಲ್ ಹಿಡಿದು ಕೈ ನಡುಗಿಸಿಕೊಂಡು ಶನಿ ತೆಗೆದವರಿಗೆ ಗೊತ್ತು, ಅಂಥ ಒಂದು ಚಿತ್ರಕ್ಕೆ ಎಷ್ಟು ಆಸೆ ಪಡುತ್ತೇವೆ ಅಂತ. ನಾನು ಆ ಚಿತ್ರವನ್ನು ಎಷ್ಟು ಸಲ ದೊಡ್ಡದು ಮಾಡಿ ನೋಡಿದೆನೋ ಲೆಕ್ಕವಿಲ್ಲ.

ಫೋನಿನಲ್ಲಿ ಮಾರುವವನ ಮಾತು ಎಷ್ಟು ನಯ. ‘ಸರ್, ನಾನೂ ನಿಮ್ಮ ಹಾಗೇ ಹವ್ಯಾಸಿ. ಇದನ್ನು ಬೇರೆಯವರಿಗೆ ಕೊಡಲು ಮನಸ್ಸಿಲ್ಲ, ದೊಡ್ಡದು ತಗೊಳ್ತಿದೀನಿ, ಅದಕ್ಕೆ ಕೊಡ್ತಿದೀನಿ.’ ಸ್ಟ್ಯಾಕಿಂಗ್, ಅಂದರೆ ಹಲವು ಫ್ರೇಮುಗಳನ್ನು ಒಂದರ ಮೇಲೊಂದು ಕೂಡಿಸಿ ಒಂದು ಚಿತ್ರ ಮಾಡುವುದರ ಬಗ್ಗೆ ಮಾತಾಡಿದ. ಅದಕ್ಕೆ ಬಳಸುವ ಆಟೋಸ್ಟ್ಯಾಕರ್ಟ್, ರೆಜಿಸ್ಟ್ಯಾಕ್ಸ್ ಸಾಫ್ಟ್‌ವೇರ್ ಎಲ್ಲ ಸರಿಯಾಗಿ ಹೇಳಿದ. ನಮ್ಮ ಭಾಷೆ ಮಾತಾಡುವವನ ಮೇಲೆ ನಂಬಿಕೆ ಬಂದುಬಿಡುತ್ತದೆ, ಅಲ್ವಾ? ಎರಡು ವರ್ಷ ಕೂಡಿಟ್ಟ ದುಡ್ಡು ಒಂದೇ ಸಲ ಕಳಿಸಿಬಿಟ್ಟೆ. ಅರ್ಧ ಮುಂಗಡ, ಅರ್ಧ ಪೆಟ್ಟಿಗೆ ಬಂದ ಮೇಲೆ ಎನ್ನುವ ರೂಢಿಯೂ ಆಗ ನೆನಪಾಗಲಿಲ್ಲ.

ಪೆಟ್ಟಿಗೆ ಬಂತು. ಹೊರಗಿಂದ ಎಲ್ಲ ಸರಿಯಾಗಿಯೇ ಇತ್ತು.

ಮೊದಲ ರಾತ್ರಿ ಶನಿಗೆ ತಿರುಗಿಸಿದೆ. ಸ್ಕ್ರೀನಿನಲ್ಲಿ ಕಂಡದ್ದು ಒಂದು ಚಿಕ್ಕ ಉಂಡೆ, ಅದರ ಮಧ್ಯೆ ಸೂಜಿ ಚುಚ್ಚಿದ ಹಾಗೆ ಒಂದು ಗೆರೆ. ಉಂಡೆ ಸರಿಯಾಗಿ ಇಪ್ಪತ್ತು ಪಿಕ್ಸೆಲ್ ಅಗಲ ಇರಲಿಲ್ಲ. ಚಿತ್ರ ಹಿಗ್ಗಿಸುವ ಬಾರ್ಲೋ ಲೆನ್ಸ್ ಹಾಕಿದರೆ ದೊಡ್ಡದಾಯಿತು, ಜೊತೆಗೆ ಮಸುಕೂ ಆಯಿತು. ಅವನಿಗೆ ಮೆಸೇಜ್ ಮಾಡಿದೆ. ‘ಮೊದಲ ರಾತ್ರಿ ಎಲ್ಲರಿಗೂ ಹಾಗೇ ಸರ್. ನಿಮ್ಮ ಕಡೆ ಗಾಳಿ ಸ್ಥಿರ ಇಲ್ಲ ಅನ್ಸತ್ತೆ.’

ನಂಬಿದೆ. ಗಾಳಿ ಕುಣಿದರೆ ಗ್ರಹ ನೀರಿನ ತಳದಲ್ಲಿರುವ ನಾಣ್ಯದ ಹಾಗೆ ಕುಣಿಯುತ್ತದೆ, ಅದು ನಿಜವೇ. ಟೆಲಿಸ್ಕೋಪನ್ನು ಸಂಜೆಯೇ ಹೊರಗಿಟ್ಟು ತಣ್ಣಗಾಗಲು ಬಿಟ್ಟೆ. ಎರಡು ಮೂರು ನಿಮಿಷದ ವಿಡಿಯೋ, ಸಾವಿರಗಟ್ಟಲೆ ಫ್ರೇಮು, ಅದರಲ್ಲಿ ಚೆನ್ನಾಗಿರುವುದನ್ನು ಮಾತ್ರ ಆರಿಸಿ ಸ್ಟ್ಯಾಕ್ ಮಾಡುವುದು. ಹೀಗೆ ಹನ್ನೊಂದು ರಾತ್ರಿ. ಹನ್ನೊಂದು! ಬೆಳಿಗ್ಗೆ ಕೆಲಸಕ್ಕೆ ಹೋಗಬೇಕು, ಕಣ್ಣು ಉರಿ. ತಪ್ಪು ನನ್ನದೇ, ನನಗೆ ಕೈ ಪಳಗಿಲ್ಲ ಅಂದುಕೊಂಡೆ. ಇದೇ ನನ್ನನ್ನು ಈಗಲೂ ಕೊರೆಯುವುದು. ಮೋಸ ಮಾಡಿದವನು ಆರಾಮಾಗಿದ್ದ, ಹನ್ನೊಂದು ರಾತ್ರಿ ನಾನು ನನ್ನನ್ನೇ ಬೈದುಕೊಂಡೆ.

ಆಮೇಲೆ ಗುರು. ಆಕಾಶದಲ್ಲಿ ಚೆನ್ನಾಗಿ ಮೇಲೆ ಬಂದಿದ್ದ. ಸುತ್ತಲೂ ನೇರಳೆ ಬಣ್ಣದ ಪ್ರಭೆ. ಇಡಿ ಗಾಜು ಇದ್ದರೆ ಇಷ್ಟೊಂದು ನೇರಳೆ ಬರಬಾರದು. ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಕೂಡಿಸಲಿ ಅಂತಲೇ ಆ ಗಾಜಿಗೆ ಜಾಸ್ತಿ ದುಡ್ಡು ಕೊಡುವುದು. ಕೇಳಿದೆ. ‘ಅದು ವಾತಾವರಣದ್ದು ಸರ್.’ ವಾತಾವರಣದಿಂದ ಬಣ್ಣ ಬರುತ್ತದೆ, ಇಲ್ಲ ಅನ್ನಲ್ಲ. ಆದರೆ ಅದು ಗ್ರಹ ದಿಗಂತದ ಹತ್ತಿರ ಇದ್ದಾಗ ಜಾಸ್ತಿ. ಆಗ ಒಂದು ಅಂಚಿಗೆ ಕೆಂಪು, ಎದುರಿನ ಅಂಚಿಗೆ ನೀಲಿ. ಮೇಲೇರಿದ ಗ್ರಹದ ಸುತ್ತ ಬಳೆ ತೊಡಿಸಿದ ಹಾಗೆ ನೇರಳೆ ಬಂದರೆ ಅದು ಲೆನ್ಸಿನ ಗುಣ. ಅಂದರೆ ನನಗೆ ಬಂದದ್ದು ಸಾಧಾರಣ ಎರಡು ಗಾಜಿನ ಲೆನ್ಸು. ಅನುಮಾನ ಶುರುವಾಗಿದ್ದು ಅಲ್ಲಿ. ಆದರೂ ಚಿತ್ರಗಳ ಮೇಲೆ ಅನುಮಾನ ಬರಲಿಲ್ಲ ನೋಡಿ.

ಅದು ಬಂದಿದ್ದು ನನ್ನ ಗೆಳೆಯನಿಂದ. ನನ್ನ ಗೋಳು ಕೇಳಿ ಕೇಳಿ ಸಾಕಾಗಿ ‘ಅವನು ತೆಗೆದ ಚಿತ್ರ ತೋರಿಸು’ ಅಂದ. ತೋರಿಸಿದೆ. ಐದು ಸೆಕೆಂಡ್ ನೋಡಿದನೋ ಇಲ್ಲವೋ, ‘ಲೋ, ಈ ವರ್ಷ ಶನಿಗೆ ಇಷ್ಟು ಅಗಲದ ಉಂಗುರ ಎಲ್ಲಿಂದ ಬಂತೋ?’ ಅಂದ.

ಮೈ ತಣ್ಣಗಾಯಿತು. ನಿಜವಾಗಿಯೂ ತಣ್ಣಗಾಯಿತು.

2025ರ ಮಾರ್ಚ್ 23ರಂದು ಭೂಮಿ ಶನಿಯ ಉಂಗುರದ ಸಮತಲವನ್ನು ದಾಟಿತು. ಆ ವರ್ಷವೆಲ್ಲ ಉಂಗುರ ನಮಗೆ ಅಂಚಿನಿಂದಲೇ ಕಂಡಿದ್ದು. ಸೆಪ್ಟೆಂಬರಿನಲ್ಲಿ ಓರೆ ಎರಡು ಡಿಗ್ರಿಯ ಆಸುಪಾಸು, ನವೆಂಬರಿನಲ್ಲಿ ಅರ್ಧ ಡಿಗ್ರಿಗಿಂತ ಕಡಿಮೆ. ಹಾಗಿದ್ದ ಮೇಲೆ ನಾನು ಕಂಡ ಆ ಸೂಜಿ ಗೆರೆಯೇ ನಿಜವಾದ ಶನಿ! ಅವನ ಚಿತ್ರದಲ್ಲಿದ್ದಂಥ ತೆರೆದ ಉಂಗುರ ಕಂಡಿದ್ದು 2017ರ ಸುಮಾರಿಗೆ, ಆಗ ಓರೆ 27 ಡಿಗ್ರಿಯ ಹತ್ತಿರ ಇತ್ತು. ಇದೆಲ್ಲ ನನಗೆ ಗೊತ್ತಿತ್ತು. ಮಾರ್ಚಿನಲ್ಲಿ ನಾನೇ ನಾಲ್ಕು ಜನರಿಗೆ ಇದನ್ನು ವಿವರಿಸಿದ್ದೆ. ಗೊತ್ತಿದ್ದೂ ಆ ಚಿತ್ರದ ಮುಂದೆ ತಲೆ ಓಡಲಿಲ್ಲ.

ಅಲ್ಲಿಂದ ಒಂದೊಂದೇ ಬಿಚ್ಚಿಕೊಂಡಿತು. ಓರಿಯನ್ ಚಿತ್ರದಲ್ಲಿ ದೊಡ್ಡ ನಕ್ಷತ್ರಗಳಿಗೆ ನಾಲ್ಕು ಕಡೆ ಕಿರಣ ಚಾಚಿತ್ತು. ಅದು ಬರುವುದು ನ್ಯೂಟೋನಿಯನ್ ಟೆಲಿಸ್ಕೋಪಿನಲ್ಲಿ, ಅದರ ಬಾಯಲ್ಲಿ ಚಿಕ್ಕ ಕನ್ನಡಿಯನ್ನು ಹಿಡಿದಿರುವ ನಾಲ್ಕು ತೆಳು ಪಟ್ಟಿಗಳಿಂದ. ಲೆನ್ಸಿನ ಟೆಲಿಸ್ಕೋಪಿನಲ್ಲಿ ಆ ಪಟ್ಟಿಗಳೇ ಇಲ್ಲ.

ಆಂಡ್ರೊಮೆಡಾ ಇನ್ನೂ ಘೋರ. ನನಗೆ ಬಂದ ಕ್ಯಾಮೆರಾದ ಸೆನ್ಸರ್ 5.6 ಮಿಲಿಮೀಟರ್ ಅಗಲ. 660 ಮಿಲಿಮೀಟರ್ ಟೆಲಿಸ್ಕೋಪಿಗೆ ಅದನ್ನು ಹಾಕಿದರೆ ಆಕಾಶದಲ್ಲಿ ಸಿಗುವುದು ಅರ್ಧ ಡಿಗ್ರಿಗಿಂತ ಚೂರು ಕಡಿಮೆ. ಚಂದ್ರನನ್ನು ಹಿಡಿದು ನೋಡಿದೆ. ಪೂರ್ತಿ ಚಂದ್ರ ಹಿಡಿಸುವುದಿಲ್ಲ, ಮೇಲೆ ಕೆಳಗೆ ಕತ್ತರಿಸಿಹೋಗುತ್ತಾನೆ. ಆಂಡ್ರೊಮೆಡಾ ಗೆಲಾಕ್ಸಿ ಆರು ಚಂದ್ರರನ್ನು ಸಾಲಾಗಿ ಇಟ್ಟಷ್ಟು ಉದ್ದ. ಅವನ ಚಿತ್ರದಲ್ಲಿ ಅದು ಒಂದೇ ಫ್ರೇಮಿನಲ್ಲಿ, ಪಕ್ಕದ ಎರಡು ಚಿಕ್ಕ ಗೆಲಾಕ್ಸಿಗಳ ಸಮೇತ ಕೂತಿತ್ತು. ಚಿತ್ರವನ್ನು ಆಸ್ಟ್ರೋಮೆಟ್ರಿ ಡಾಟ್ ನೆಟ್‌ಗೆ ಹಾಕಿದೆ. ನಕ್ಷತ್ರಗಳನ್ನು ಗುರುತು ಹಿಡಿದು ಅಳತೆ ಕೊಟ್ಟಿತು: ಮೂರು ಡಿಗ್ರಿಗೂ ಜಾಸ್ತಿ ಅಗಲ. ಹತ್ತಾರು ತುಣುಕು ತೆಗೆದು ಜೋಡಿಸಿದರೆ ಬರಬಹುದು. ಆದರೆ ಜೋಡಿಸಿದ್ದೇನೆ ಎಂದು ಅವನು ಎಲ್ಲೂ ಹೇಳಿರಲಿಲ್ಲ. ಯಾರೋ ಪಾಪ ಚಳಿಯಲ್ಲಿ ರಾತ್ರಿಯೆಲ್ಲ ಕೂತು ತೆಗೆದ ಚಿತ್ರ ಅದು. ಅವರ ಹೆಸರೂ ಇಲ್ಲದೆ ಕದ್ದು ಹಾಕಿಕೊಂಡಿದ್ದಾನೆ.

ಈಗ ಅವನ ಉತ್ತರಗಳನ್ನು ಕೇಳಿ.

ಮೂಲ ವಿಡಿಯೋ ಫೈಲ್ ಕಳಿಸಿ ಅಂದೆ. ‘ಹಾರ್ಡ್ ಡಿಸ್ಕ್ ಹೋಯ್ತು ಸರ್.’

ಓರಿಯನ್ ನಕ್ಷತ್ರಕ್ಕೆ ನಾಲ್ಕು ಕಿರಣ ಹೇಗೆ ಬಂತು? ‘ಚೆನ್ನಾಗಿ ಕಾಣಲಿ ಅಂತ ಸಾಫ್ಟ್‌ವೇರಿನಲ್ಲಿ ಹಾಕಿದ್ದು ಸರ್.’

ಶನಿಯ ಉಂಗುರ? ಒಂದು ದಿನ ಉತ್ತರವಿಲ್ಲ. ಮರುದಿನ, ‘ಸರ್, ಚಿತ್ರ ತೆಗೆಯುವುದು ಒಂದು ಕಲೆ. ನಿಮಗೆ ತಾಳ್ಮೆ ಇಲ್ಲ.’

ತಾಳ್ಮೆ ಇಲ್ಲವಂತೆ. ನನಗೆ. ಹನ್ನೊಂದು ರಾತ್ರಿ ಕೂತವನಿಗೆ.

ದುಡ್ಡು ವಾಪಸ್ ಕೇಳಿದೆ. ಆಗ ಮಾತಿನ ಧಾಟಿಯೇ ಬದಲಾಯಿತು. ‘ಚಿತ್ರಗಳು ಮಾದರಿಗೆ ಮಾತ್ರ. ಇದೇ ಟೆಲಿಸ್ಕೋಪಿನಲ್ಲಿ ತೆಗೆದದ್ದು ಅಂತ ನಾನು ಹೇಳಿಯೇ ಇಲ್ಲ. ಜಾಹೀರಾತು ಸರಿಯಾಗಿ ಓದಿ.’ ಹೋಗಿ ಓದಿದೆ. ‘ಇದೇ ಟೆಲಿಸ್ಕೋಪಿನಲ್ಲಿ’ ಅಂತಿದ್ದದ್ದು ‘ಇಂಥ ಟೆಲಿಸ್ಕೋಪಿನಲ್ಲಿ’ ಅಂತಾಗಿತ್ತು. ಒಂದೇ ಪದ. ‘ಇಡಿ ಗಾಜು’ ಅನ್ನುವುದು ಮಾಯ. ನನ್ನ ಹತ್ತಿರ ಹಳೆಯದರ ಸ್ಕ್ರೀನ್‌ಶಾಟ್ ಇಲ್ಲ. ಮೂರು ಚಿತ್ರ ಉಳಿಸಿಕೊಂಡಿದ್ದೆ, ಆ ಒಂದು ಸಾಲು ಉಳಿಸಿಕೊಳ್ಳಲಿಲ್ಲ. ಮೋಸ ಹೋದೆ ಎಂದು ನಿಜವಾಗಿ ಅನಿಸಿದ್ದು ಶನಿಯನ್ನು ನೋಡಿದಾಗಲೂ ಅಲ್ಲ, ಆ ‘ಇಂಥ’ ಓದಿದಾಗ. ಉತ್ತರ ಬರೆಯುವಷ್ಟರಲ್ಲಿ ಬ್ಲಾಕ್ ಮಾಡಿದ್ದ.

ಹಾಗಾಗಿ ಕೇಳಿಕೊಳ್ಳುತ್ತೇನೆ. ಮುಗಿದ ಚಿತ್ರ ನೋಡಿ ದುಡ್ಡು ಕೊಡಬೇಡಿ. ಸ್ಟ್ಯಾಕ್ ಮಾಡದ ಮೂಲ ಫ್ರೇಮು ಕೇಳಿ. ಹಾರ್ಡ್ ಡಿಸ್ಕ್ ಹೋಯ್ತು ಅಂದರೆ ನೀವೂ ಹೊರಟುಬಿಡಿ. ಗುರು ಕಾಣುವ ಕಾಲವಾದರೆ ‘ಇವತ್ತು ರಾತ್ರಿ ಗುರುವನ್ನು ನಾಲ್ಕು ಚಂದ್ರರ ಸಮೇತ ತೆಗೆದು, ಟೈಮ್ ಬರೆದು ಕಳಿಸಿ’ ಅನ್ನಿ. ಆ ಚಂದ್ರರು ಗಂಟೆಗಂಟೆಗೂ ಜಾಗ ಬದಲಿಸುತ್ತವೆ. ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ಸಾಫ್ಟ್‌ವೇರಿನಲ್ಲಿ ಆ ಟೈಮಿಗೆ ಹೋಲಿಸಿದರೆ ಹಳೇ ಚಿತ್ರವೋ ಹೊಸದೋ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಮತ್ತೆ ಜಾಹೀರಾತಿನ ಪ್ರತಿ ಸಾಲಿನ ಸ್ಕ್ರೀನ್‌ಶಾಟ್, ಪ್ರತಿ ಸಾಲಿನದ್ದು, ಇಟ್ಟುಕೊಳ್ಳಿ.

ನಿನ್ನೆ ರಾತ್ರಿ ಅದೇ ಶನಿಯ ಚಿತ್ರ ಮತ್ತೆ ಸಿಕ್ಕಿತು. ಬೇರೆ ಹೆಸರು, ಬೇರೆ ಟೆಲಿಸ್ಕೋಪ್, ಈ ಸಲ ಇನ್ನೂ ದೊಡ್ಡದು. ‘ಕಳೆದ ತಿಂಗಳು ಇದೇ ಟೆಲಿಸ್ಕೋಪಿನಲ್ಲಿ ತೆಗೆದದ್ದು’ ಅಂತ ಬರೆದಿದೆ. ಉಂಗುರ ಎಡಕ್ಕೆ ಚೂರು ವಾಲಿದೆ, ಕ್ಯಾಸಿನಿ ಬಿರುಕು ಸುತ್ತಲೂ ಕಪ್ಪಗೆ ಕಾಣುತ್ತದೆ, ಬಲಗಡೆ ಕೆಳಮೂಲೆಯಲ್ಲಿ ಯಾರದೋ ಹೆಸರು ಅಳಿಸಿದ ಮಸುಕು ಕಲೆ ಇದೆ. ಆ ಕಲೆಯನ್ನು ನಾನು ಮೊದಲ ದಿನವೇ ನೋಡಿದ್ದೆ, ಧೂಳು ಅಂದುಕೊಂಡಿದ್ದೆ. ಈ ಸಲ ಎಲ್ಲ ಸಾಲಿನ ಸ್ಕ್ರೀನ್‌ಶಾಟ್ ತೆಗೆದಿದ್ದೇನೆ. ಆ ಚಿತ್ರ ನಿಮಗೆ ಯಾರಾದರೂ ಕಳಿಸಿದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ.