ಅಪ್ಪಯ್ಯ ಬರೆದಿಟ್ಟ ಪತ್ರ ಐಸಿಯು ಬಾಗಿಲಲ್ಲಿ ನಡೆಯಲಿಲ್ಲ, ನೀವು ಈ ತಪ್ಪು ಮಾಡಬೇಡಿ

ಮನೆಯಲ್ಲಿ ವಾಸಿಯಾಗದ ಕಾಯಿಲೆಯವರು, ತೀರಾ ವಯಸ್ಸಾದವರು ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಮುಂದೆ ಮಾತಾಡಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಪತ್ರದ ('ಲಿವಿಂಗ್ ವಿಲ್') ವಿಷಯ ಇದು.

ನಮ್ಮದು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ. ಅಪ್ಪಯ್ಯನಿಗೆ ಶ್ವಾಸಕೋಶದ ಕ್ಯಾನ್ಸರ್ ಇತ್ತು. ಲಿವರ್‌ಗೂ ಹರಡಿದೆ, ಇನ್ನು ವಾಸಿಯಾಗಲ್ಲ ಅಂತ ಡಾಕ್ಟರು ಹೇಳಿ ಆಗಿತ್ತು. ಅವತ್ತು ಮನೆಗೆ ಬಂದವರೇ ಅಡಿಕೆ ಲೆಕ್ಕದ ಪುಸ್ತಕದಿಂದ ಒಂದು ಹಾಳೆ ಹರಿದು ಬರೆದರು: 'ನನಗೆ ಉಸಿರಾಟದ ಮಿಷನ್ ಹಾಕಬೇಡಿ. ನೋವು ಕಡಿಮೆ ಮಾಡಿ, ಮನೆಯಲ್ಲೇ ಇರಲು ಬಿಡಿ.' ಕೆಳಗೆ ಸಹಿ, ತಾರೀಖು. ನನಗೆ ತೋರಿಸಿ ಬೀರುವಿನಲ್ಲಿಟ್ಟರು. ಅಣ್ಣನಿಗೆ ಹೇಳಲಿಲ್ಲ, ಅವನು ಬೇಜಾರು ಮಾಡಿಕೊಳ್ಳುತ್ತಾನೆ ಅಂತ. ನಾನೂ ಹೇಳಲಿಲ್ಲ.

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಅಪ್ಪಯ್ಯನಿಗೆ ಉಸಿರು ಸಿಗದಂತಾಯಿತು. ಮನೆಯಲ್ಲಿದ್ದವನು ಅಣ್ಣ. ಗಾಬರಿಯಾಗಿ 108ಕ್ಕೆ ಫೋನ್ ಮಾಡಿ, ಆ ಮಳೆಯಲ್ಲೇ ಮಂಡಗದ್ದೆ ದಾಟಿಸಿ ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ. ಅವನದ್ದೇನೂ ತಪ್ಪಿಲ್ಲ. ನಾನು ಹೊಸನಗರದಿಂದ ಬೆಳಿಗ್ಗೆ ಹೋಗಿ ಮುಟ್ಟುವಾಗ ಅಪ್ಪಯ್ಯ ವೆಂಟಿಲೇಟರ್ ಮೇಲಿದ್ದರು. ಪೈಪ್ ಕಿತ್ತುಕೊಳ್ಳುತ್ತಾರೆ ಅಂತ ಎರಡೂ ಕೈಯನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದ್ದರು. ಐವತ್ತು ವರ್ಷ ಅಡಿಕೆ ಸುಲಿದ ಬೆರಳುಗಳು, ಚೊಗರಿನ ಕಪ್ಪು ಇನ್ನೂ ಹಾಗೇ ಇತ್ತು. ಕಟ್ಟಿದ ಕಡೆ ಮಣಿಕಟ್ಟು ಊದಿಕೊಂಡಿತ್ತು.

ಮಾರನೇ ದಿನ ಪತ್ರ ತಂದು ತೋರಿಸಿದೆ. ಡಾಕ್ಟರು ಓದಿ ವಾಪಸ್ ಕೊಟ್ಟರು. 'ನೋಡಮ್ಮ, ಸಾಕ್ಷಿಗಳಿಲ್ಲ, ನೋಟರಿ ಇಲ್ಲ. ಇದನ್ನು ನಂಬಿ ನಾವೇನೂ ಮಾಡೋ ಹಾಗಿಲ್ಲ.' ಬೇಡ ಅಂದರೆ ನಿಮ್ಮ ಜವಾಬ್ದಾರಿ ಮೇಲೆ ಅಂತ ಸಹಿ ಹಾಕಿ ಕರೆದುಕೊಂಡು ಹೋಗಿ ಅಂದರು. ಅಣ್ಣ ಒಪ್ಪಲಿಲ್ಲ. 'ಸುಮ್ನಿರು ಮಾರಾಯ್ತಿ, ನಾವೇ ಕೊಂದ ಹಾಗಾಗಲ್ವಾ?' ಅಂತ ಐಸಿಯು ಹೊರಗೆ ಬೆಂಚಿನ ಮೇಲೆ ಕೂತು ಅತ್ತ. ಕೋರ್ಟಿನ ಹತ್ತಿರ ಒಬ್ಬರು ಮ್ಯಾಜಿಸ್ಟ್ರೇಟ್ ಸಹಿ ಇಲ್ಲದೆ ಇಂಥ ಪತ್ರ ಆಗೋದೇ ಇಲ್ಲ, ಮಾಡಿಸಿಕೊಡ್ತೀನಿ ಅಂತ ದುಡ್ಡು ಕೇಳಿದರು. ಪ್ರಜ್ಞೆ ಇಲ್ಲದ ಮನುಷ್ಯನ ಪತ್ರವನ್ನು ಯಾರು ಮಾಡಿಸಲು ಸಾಧ್ಯ? ಮ್ಯಾಜಿಸ್ಟ್ರೇಟ್ ಸಹಿ ಬೇಕು ಅನ್ನೋ ಮಾತು ಕೂಡ ಹಳೆಯದು ಅಂತ ಆಮೇಲೆ ಗೊತ್ತಾಯಿತು.

ಹನ್ನೆರಡನೇ ದಿನ ಪರಿಚಯದ ವಕೀಲರೊಬ್ಬರು ಸಿಕ್ಕಿ ಬಿಡಿಸಿ ಹೇಳಿದರು. ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದು ಇಂಥ ಪತ್ರ ಬರೆದಿಡುವ ಹಕ್ಕನ್ನು ಒಪ್ಪಿದೆ. ಆಗ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು, ನಿಜ. 2023ರ ಜನವರಿಯಲ್ಲಿ ಅದನ್ನು ಕೋರ್ಟೇ ತೆಗೆದುಹಾಕಿತು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ನಮ್ಮ ರಾಜ್ಯದ ಆರೋಗ್ಯ ಇಲಾಖೆ ಕೂಡ 2025ರ ಜನವರಿಯಲ್ಲಿ ಇದರ ಸುತ್ತೋಲೆ ಹೊರಡಿಸಿದೆ.

ನನಗೆ ಜಾಸ್ತಿ ಸಂಕಟ ಆಗಿದ್ದು ಅವರು ಹೇಳಿದ ಇನ್ನೊಂದು ಮಾತಿಗೆ. ಪತ್ರ ಇಲ್ಲದಿದ್ದರೂ ದಾರಿ ಇದೆ. ಮನೆಯವರು ಲಿಖಿತವಾಗಿ ಒಪ್ಪಿದರೆ, ಚಿಕಿತ್ಸೆ ಕೊಡುವ ಡಾಕ್ಟರ ಜೊತೆ ಕನಿಷ್ಠ ಇಬ್ಬರು ತಜ್ಞರಿರುವ ಮಂಡಳಿ ಆಸ್ಪತ್ರೆಯಲ್ಲೇ ನೋಡಬೇಕು. ಆಮೇಲೆ ಎರಡನೇ ಮಂಡಳಿ, ಅದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ಡಾಕ್ಟರು ಇರುತ್ತಾರೆ. ಎರಡೂ ಆದಷ್ಟು 48 ಗಂಟೆಯೊಳಗೆ ಹೇಳಬೇಕು. ಎರಡೂ ಮಂಡಳಿಗಳು ಒಪ್ಪಿದರೆ ಆಸ್ಪತ್ರೆ ಮ್ಯಾಜಿಸ್ಟ್ರೇಟರಿಗೆ ತಿಳಿಸಿ ಮಿಷನ್ ತೆಗೆಯಬಹುದು. ಸಾಯುವ ಇಂಜೆಕ್ಷನ್ ಕೊಡುವುದಲ್ಲ ಇದು, ಅದು ಅಪರಾಧ. ನೋವಿನ ಔಷಧಿ, ಆರೈಕೆ ಯಾವುದೂ ನಿಲ್ಲುವುದಿಲ್ಲ. ಇದನ್ನು ಅಣ್ಣನಿಗೆ ಹೇಳಿದ ಮೇಲೆ ಅವನೂ ಒಪ್ಪಿದ. ಹನ್ನೆರಡು ದಿನದಲ್ಲಿ ಆಸ್ಪತ್ರೆಯ ಒಬ್ಬರಾದರೂ ಇದನ್ನು ನಮಗೆ ಹೇಳಬಹುದಿತ್ತು. ನಾವು ಅರ್ಜಿ ಕೊಟ್ಟಾಗ 'ಮಂಡಳಿ ಇನ್ನೂ ಮಾಡಿಲ್ಲ' ಅಂದರು. ಹದಿನಾರನೇ ದಿನ ಅಪ್ಪಯ್ಯ ಆ ಪೈಪಿನ ಜೊತೆಯಲ್ಲೇ ಹೋದರು.

ಹಾಗಾಗಿ, ಮನೆಯವರಿಗೆ ಪ್ರಜ್ಞೆ ಚೆನ್ನಾಗಿರುವಾಗಲೇ ಈ ಪತ್ರ ಮಾಡಿಸಿ. ಯಾವ ಚಿಕಿತ್ಸೆ ಬೇಡ ಅಂತ ಬಿಡಿಸಿ ಬರೆಯಿರಿ, ಸುಮ್ನೆ 'ಪೈಪ್ ಬೇಡ' ಅಂದರೆ ಸಾಲದು. ತಾವು ಮಾತಾಡಲಾಗದಾಗ ಯಾರು ನಿರ್ಧಾರ ಹೇಳಬೇಕು ಅಂತ ಹೆಸರು ಹಾಕಿ, ಒಬ್ಬರಿಗಿಂತ ಹೆಚ್ಚು ಜನರ ಹೆಸರೂ ಹಾಕಬಹುದು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರೆದು ರದ್ದು ಮಾಡಬಹುದು. ಮತ್ತೆ, ಎಲ್ಲ ಮಕ್ಕಳನ್ನೂ ಕೂರಿಸಿಕೊಂಡು ಓದಿ ಹೇಳಿ. ಒಬ್ಬರಿಗೆ ಮಾತ್ರ ಗೊತ್ತಿದ್ದರೆ ನಮ್ಮ ಗತಿಯೇ ಆಗುತ್ತದೆ.

ಅಮ್ಮನದ್ದು ಈಗ ಮಾಡಿಸಿದ್ದೇವೆ. ಸಾಕ್ಷಿಗೆ ಸಂಬಂಧಿಕರನ್ನು ಕರೆಯಲಿಲ್ಲ. ಪಕ್ಕದ ಮನೆಯವರು ಒಬ್ಬರು, ಅಮ್ಮನಿಗೆ ಪಾಠ ಹೇಳುತ್ತಿದ್ದ ಮೇಷ್ಟರ ಮಗ ಒಬ್ಬರು. ಒಂದೊಂದು ಪ್ರತಿ ನನಗೆ, ಅಣ್ಣನಿಗೆ, ಊರಿನ ಡಾಕ್ಟರಿಗೆ. ಗ್ರಾಮ ಪಂಚಾಯಿತಿಗೂ ಒಂದು ಕೊಡಬೇಕು. ಅಲ್ಲಿ ಇಂಥದ್ದು ನೋಡೇ ಇಲ್ಲ ಅಂತ ಮೊದಲ ಸಲ ವಾಪಸ್ ಕಳಿಸಿದರು. ಎರಡನೇ ಸಲ ಸುತ್ತೋಲೆಯ ಪ್ರತಿ ತೆಗೆದುಕೊಂಡು ಹೋದೆ, ತೆಗೆದುಕೊಂಡರು. ನೀವೂ ಹೋಗುವಾಗ ಅದನ್ನು ಇಟ್ಟುಕೊಂಡು ಹೋಗಿ. ಸೀಲು ಹಾಕಿದ ಸ್ವೀಕೃತಿ ಕೈಗೆ ಬರುವವರೆಗೂ ಅಲ್ಲಿಂದ ಏಳಬೇಡಿ.