ಕರೆಂಟ್ ಕೊಟ್ಟು ಕಣ್ಣು ಬರಿಸ್ತೀವಿ ಅನ್ನೋರು ಬಂದಿದ್ದಾರೆ, ಹುಷಾರು

ಶಿರಸಿ, ಸಿದ್ದಾಪುರ, ಕುಮಟಾ ಕಡೆಯವರು ದಯವಿಟ್ಟು ಓದಿ. ಹಾಲ್ ಬಾಡಿಗೆ ಹಿಡಿದು ‘ಕರೆಂಟ್ ಚಿಕಿತ್ಸೆಯಿಂದ ದೃಷ್ಟಿ ಮರಳಿಸುತ್ತೇವೆ’ ಎಂದವರಿಗೆ ನಮ್ಮ ದೊಡ್ಡಪ್ಪ 60 ಸಾವಿರ ಕೊಟ್ಟು ಕೂತಿದ್ದಾರೆ. ಅಡಿಕೆ ಮಾರಿದ ದುಡ್ಡು.

ದೊಡ್ಡಪ್ಪನಿಗೆ ಆರ್‌ಪಿ, ಅಂದರೆ ರೆಟಿನೈಟಿಸ್ ಪಿಗ್ಮೆಂಟೋಸಾ. ವಂಶದಲ್ಲಿ ಬರುವ ಕಾಯಿಲೆ. ಮೊದಲು ಕತ್ತಲಲ್ಲಿ ಕಾಣುವುದಿಲ್ಲ, ಆಮೇಲೆ ನೋಟ ಸುತ್ತಲಿಂದ ಕಿರಿದಾಗುತ್ತಾ ಬರುತ್ತದೆ. ಇಂಥವರೇ ಅವರಿಗೆ ಬೇಕು.

ಕಣ್ಣಿನ ಪಕ್ಕ ಪ್ಯಾಡ್ ಅಂಟಿಸಿ ಕರೆಂಟ್ ಬಿಟ್ಟರು. “ತಮಾ, ಬೆಳ್ಕು ಕಾಣ್ತು!” ಎಂದರು ದೊಡ್ಡಪ್ಪ. ಅಷ್ಟು ಸಾಕಾಯಿತು. ‘ನೋಡಿ, ನರ ಎಚ್ಚರ ಆಗ್ತಿದೆ’ ಎನ್ನುತ್ತಾ ಇಡೀ ಪ್ಯಾಕೇಜಿನ ದುಡ್ಡು ಅಲ್ಲೇ ಕಟ್ಟಿಸಿಕೊಂಡರು. ರಶೀದಿಯಲ್ಲಿ ಡಾಕ್ಟರ ಹೆಸರಿಲ್ಲ, ರಿಜಿಸ್ಟ್ರೇಷನ್ ನಂಬರೂ ಇಲ್ಲ. ಸ್ವಲ್ಪ ದಿನಕ್ಕೆ ಹಾಲ್ ಖಾಲಿ, ಫೋನ್ ಸ್ವಿಚ್ ಆಫ್.

ಮೋಸ ಇರುವುದೇ ಆ ಬೆಳಕಿನಲ್ಲಿ. ಕಣ್ಣಿನ ಹತ್ತಿರ ಕರೆಂಟ್ ಹಾಯಿಸಿದರೆ ಕಣ್ಣು ಚೆನ್ನಾಗಿರುವವರಿಗೂ ಮಿಂಚಿದ ಹಾಗೆ ಕಾಣುತ್ತದೆ. 1755ರಲ್ಲೇ ಫ್ರಾನ್ಸಿನ ಲೆ ರಾಯ್ ಎಂಬ ವೈದ್ಯ ಒಬ್ಬ ಕುರುಡನ ಮೇಲೆ ಇದನ್ನು ಮಾಡಿ ನೋಡಿದ್ದ. ಬೆಳಕು ಕಂಡಿತು, ದೃಷ್ಟಿ ಬರಲಿಲ್ಲ.

ನಿಜವಾದ ಸಂಶೋಧನೆಯೂ ಇದೆ, ಇಲ್ಲ ಅನ್ನಲ್ಲ. ಆರ್‌ಪಿ ಇರುವವರಿಗೆಂದೇ ಮಾಡಿದ ಆರ್ಗಸ್ 2 ಎಂಬ ಉಪಕರಣಕ್ಕೆ 2013ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತ್ತು. ಅದಕ್ಕೆ ಆಪರೇಷನ್ ಮಾಡಿ ರೆಟಿನಾದ (ಕಣ್ಣಿನ ಹಿಂಭಾಗದ ಪರದೆ) ಮೇಲೆ ಕರೆಂಟ್ ಕೊಡುವ 60 ಎಲೆಕ್ಟ್ರೋಡ್ ಕೂರಿಸಬೇಕಿತ್ತು, ಕನ್ನಡಕದಲ್ಲಿ ಕ್ಯಾಮೆರಾ ಬೇಕಿತ್ತು. ಇಷ್ಟೆಲ್ಲ ಆದ ಮೇಲೂ ಕಾಣುತ್ತಿದ್ದದ್ದು ಬೆಳಕಿನ ಚುಕ್ಕೆಗಳು. ಬಾಗಿಲು ಎಲ್ಲಿದೆ ಎಂದು ಅಂದಾಜು ಸಿಗುವಷ್ಟು. ಆಮೇಲೆ ಕಂಪನಿ ಅದನ್ನೂ ಕೈಬಿಟ್ಟಿತು. ಹಾಕಿಸಿಕೊಂಡವರಿಗೆ ರಿಪೇರಿಗೂ ಗತಿ ಇಲ್ಲದ ಹಾಗಾಯಿತು. ಆಪರೇಷನ್ ಇಲ್ಲದೆ ಕಣ್ಣಿಗೆ ಸಣ್ಣ ಕರೆಂಟ್ ಕೊಡುವ ಉಪಕರಣ ಜರ್ಮನಿಯಲ್ಲಿದೆ. ಅದರ ಗುರಿ ಆರ್‌ಪಿಯ ವೇಗ ತಗ್ಗಿಸುವುದು ಮಾತ್ರ. ಹೋದ ದೃಷ್ಟಿಯನ್ನು ತರುತ್ತೇವೆ ಎಂದು ಅವರೂ ಹೇಳುವುದಿಲ್ಲ. ಇಲ್ಲಿ ಪ್ಯಾಡ್ ಅಂಟಿಸುವವನು ಧೈರ್ಯವಾಗಿ ಹೇಳುತ್ತಾನೆ, ಅಲ್ವಾ!

ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ರೆಟಿನಾ ಡಾಕ್ಟರಿಗೆ ತೋರಿಸಿದೆವು. ದೊಡ್ಡಪ್ಪನ ಕಣ್ಣಲ್ಲಿ ಪೊರೆಯೂ ಇತ್ತು. ಆರ್‌ಪಿ ಇರುವವರಲ್ಲಿ ಅದು ಜಾಸ್ತಿಯಂತೆ. ಪೊರೆ ತೆಗೆಸಿದರೆ ಉಳಿದಿರುವ ನೋಟವಾದರೂ ತುಸು ತಿಳಿಯಾಗಬಹುದು ಎಂದರು. ಆ 60 ಸಾವಿರ ಇದಕ್ಕಾಗುತ್ತಿತ್ತು.

ಅದೇ ಕರೆಂಟ್ ಚಿಕಿತ್ಸೆಯ ಪಾಂಪ್ಲೆಟ್ ಈಗ ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಹಂಚುತ್ತಿದ್ದಾರಂತೆ. ನಾವು ಪೊಲೀಸರಿಗೆ ದೂರು ಕೊಟ್ಟಿದ್ದೇವೆ. ನೀವೂ ದುಡ್ಡು ಕಟ್ಟಿದ್ದರೆ ರಶೀದಿ ಬಿಸಾಡಬೇಡಿ, ಹೋಗಿ ದೂರು ಕೊಡಿ.